ಬೆಟ್ಟದ ಜೆಟ್, ಬಯಲಿನ ಜೆಟ್

ಓಡೈಪಟ್ಟಿ ಮಾಮನ ಹಸಿರು ಕಾರು ಕೊಡೈಕಾನಲ್‌ನಿಂದ ಇಳಿದು ಬಂದ ದಿನ ಅದರ ಕಾರ್ಬುರೇಟರಿನಲ್ಲಿ ಒಂದು ಜೆಟ್ ಬದಲಾಯಿಸಬೇಕಿತ್ತು. ನಾನು ಬದಲಾಯಿಸಲಿಲ್ಲ. ಬದಲಾಯಿಸಲಿಲ್ಲ ಎಂದು ಯಾರಿಗೂ ಹೇಳಲೂ ಇಲ್ಲ. ಕಾರು ಕೆಟ್ಟು ನಿಂತಾಗ ತಪ್ಪು ನನ್ನ ತಮ್ಮ ರಂಗಸಾಮಿಯ ತಲೆಗೆ ಬಂತು. ಆಗಲೂ ಬಾಯಿ ಬಿಡಲಿಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಇದನ್ನು ಮುಚ್ಚಿಟ್ಟುಕೊಂಡು ಉಳಿದದ್ದನ್ನು ಹೇಳಿದರೆ ಓದುವವರು ನನ್ನನ್ನು ಬಹಳ ದೊಡ್ಡ ಕೆಲಸಗಾರ ಎಂದುಕೊಂಡಾರು.

ನಾನು ಓದಿದ್ದು ಐದನೇ ಕ್ಲಾಸು, ಅದೂ ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ಕನ್ನಡದ ಅಕ್ಷರ ಕಲಿತದ್ದು ಮಗಳನ್ನು ಮೈಸೂರಿನ ಕಡೆ ಕೊಟ್ಟ ಮೇಲೆ, ಮೊಮ್ಮಗಳ ಪಕ್ಕದಲ್ಲಿ ಕೂತು. ಈಗ ಹಳೆಯ ಕಾರು ಕೊಂಡು ಓಡಿಸುವ ಹುಚ್ಚು ಹಿಡಿದ ಹುಡುಗರು ಹುಡುಕಿಕೊಂಡು ಬರುತ್ತಾರೆ. ಕಾರ್ಬುರೇಟರನ್ನು ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ತರುತ್ತಾರೆ. ಅದನ್ನು ಕಂಡರೆ ಈ ವಯಸ್ಸಿನಲ್ಲೂ ನನ್ನ ಕೈ ತುರಿಸುತ್ತದೆ. ಅವರಿಗಾಗಿ ಬರೆಯುತ್ತಿದ್ದೇನೆ. ರಂಗನನ್ನು ಕೇಳಿಯೇ ಶುರು ಮಾಡಿದೆ. "ಬರಿಯಣ್ಣಾ, ಆದ್ರೆ ನನ್ನ ಪಾಪದವನ ಮಾಡಿ ಬರೀಬ್ಯಾಡ" ಎಂದ.

ನಮ್ಮೂರು ಹನುಮಂತನಪಟ್ಟಿ. ಮೀಸೆ ಮೂಡಿದ ಮೇಲೆ ನಾವಿಬ್ಬರೂ ಬತ್ತಲಗುಂಡಿನ ಒಂದು ಶೆಡ್ಡಿಗೆ ಕೆಲಸಕ್ಕೆ ಸೇರಿದೆವು. ಅರವತ್ತರ ದಶಕದ ಆರಂಭ. ಕೊಡೈಕಾನಲ್ ಬೆಟ್ಟ ಹತ್ತುವ ಕಾರುಗಳು ಕೊನೆಯದಾಗಿ ಉಸಿರು ಎಳೆದುಕೊಳ್ಳುತ್ತಿದ್ದದ್ದು ನಮ್ಮ ಸಂತೆ ಜಂಕ್ಷನ್ನಿನಲ್ಲಿ. ಹೊಸ ಕಾರು ಸುಲಭಕ್ಕೆ ಸಿಗದ ಕಾಲ. ಯುದ್ಧಕ್ಕೆ ಮುಂಚಿನ ಕಾರುಗಳನ್ನೇ ಜನ ಒರೆಸಿ ಓಡಿಸುತ್ತಿದ್ದರು. ಜಮೀನುದಾರರು ಮಾರಿದ್ದು, ಎಸ್ಟೇಟಿನ ಬಿಳಿಯರು ಬಿಟ್ಟುಹೋದದ್ದು, ಯಾವುದೋ ಸಂಸ್ಥಾನದ ಲಾಯದಿಂದ ಹೊರಬಿದ್ದದ್ದು, ಎಲ್ಲವೂ ನಮ್ಮ ಮುಂದೆ ಬಂದು ಕೆಮ್ಮುತ್ತಿದ್ದವು.

ಶೆಡ್ಡಿನ ಯಜಮಾನರನ್ನು ಎಲ್ಲರೂ ಮೊದಲಾಳಿ ಎಂದು ಕರೆಯುತ್ತಿದ್ದರು. ತಮಿಳರು, ಅವರ ಮಾತನ್ನು ನಮ್ಮ ಮಾತಿಗೆ ಹಾಕಿಯೇ ಬರೆಯುತ್ತೇನೆ. ಮೂಗಿನ ತುಂಬ ನಶ್ಯ ತುಂಬಿಕೊಂಡೇ ಪೆಟ್ರೋಲ್ ಎಲ್ಲಿ ಸೋರುತ್ತಿದೆ ಎಂದು ರಸ್ತೆಯ ಆಚೆಯಿಂದ ಹೇಳುತ್ತಿದ್ದರು. ಬೈಯುವಾಗಲೂ ದನಿ ಏರಿಸುತ್ತಿರಲಿಲ್ಲ. ಅದಕ್ಕೇ ಅವರ ಬೈಗುಳ ಮನೆಗೆ ಹೋದ ಮೇಲೂ ಕೇಳುತ್ತಿತ್ತು.

ಮೊದಲ ಪಾಠ ಅವರು ಹೇಳಿದ್ದು ಹೀಗೆ. ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಎಂಜಿನ್ನಿಗೆ ಕುಡಿಸುವ ಡಬ್ಬಿ ಇದು. ಒಳಗೆ ಒಂದು ಪುಟ್ಟ ತೊಟ್ಟಿ. ತೊಟ್ಟಿಯಲ್ಲಿ ತೇಲುವ ಹಿತ್ತಾಳೆ ಬುರುಡೆ, ಅದು ಫ್ಲೋಟ್. ಪೆಟ್ರೋಲ್ ತುಂಬಿದಂತೆ ಫ್ಲೋಟ್ ಎದ್ದು ಒಂದು ಸೂಜಿಯನ್ನು ಒತ್ತುತ್ತದೆ, ಸೂಜಿ ಬಂದು ಬಾಗಿಲು ಮುಚ್ಚುತ್ತದೆ. ತೊಟ್ಟಿಯಿಂದ ಪೆಟ್ರೋಲ್ ಹೊರಡುವ ದಾರಿಯಲ್ಲಿ ಒಂದು ಹಿತ್ತಾಳೆ ತಿರುಪು, ಅದರ ನಡುವೆ ಸಾಸಿವೆಯೂ ತೂರದ ತೂತು. ಅದು ಜೆಟ್. ತೂತು ದೊಡ್ಡದಾದರೆ ಎಂಜಿನ್ ಹೊಟ್ಟೆಬಾಕ, ಚಿಕ್ಕದಾದರೆ ಉಪವಾಸ.

ಇಷ್ಟು ಕೇಳಿಸಿಕೊಂಡ ವಾರದಲ್ಲೇ ಪೆರಿಯಕುಳಂ ಡಾಕ್ಟರೊಬ್ಬರ ಕಾರಿನ ಜೆಟ್ ಕಟ್ಟಿಕೊಂಡಿತ್ತು. ನಾನು ಉಕ್ಕಿನ ತಂತಿ ತುರುಕಿ ಚೆನ್ನಾಗಿ ತಿರುವಿದೆ. ಕಸ ಹೋಯಿತು, ಹೊಸ ಹುರುಪಿನಲ್ಲಿ ಕಾರು ಹೊರಟೇ ಹೋಯಿತು. ಮರುದಿನ ಡಾಕ್ಟರು ವಾಪಸು ಬಂದರು. ಅವರ ಬೀದಿಯಲ್ಲಿ ಒಣಗಲು ಹಾಕಿದ್ದ ವೇಷ್ಟಿ ಪಂಚೆಗಳೆಲ್ಲ ಹೊಗೆಗೆ ಮಸಿಯಾಗಿ ನೆರೆಯವರು ಮನೆಬಾಗಿಲಿಗೆ ಬಂದಿದ್ದರಂತೆ. ಮೊದಲಾಳಿ ಜೆಟ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರು, ತಂತಿ ತಿರುವಿ ತೂತು ಅಗಲವಾಗಿತ್ತು. "ಕಿವಿ ಚುಚ್ಚುವ ಆಚಾರಿ ಅಂದುಕೊಂಡೆಯಾ ನಿನ್ನನ್ನ?" ಎಂದರು. ಜೆಟ್ಟಿಗೆ ಲೋಹ ಮುಟ್ಟಿಸಬಾರದು, ಹುಡುಗರೇ. ಬಾಯಿಂದ ಊದಿ. ಹೋಗದಿದ್ದರೆ ಪೆಟ್ರೋಲಿನಲ್ಲಿ ನೆನೆಸಿ. ಅದಕ್ಕೂ ಹೋಗದಿದ್ದರೆ ಪೊರಕೆಕಡ್ಡಿ. ಇವತ್ತು ಡಬ್ಬಿಯಲ್ಲಿ ಬರುವ ಔಷಧ ಸಿಂಪಡಿಸುತ್ತೀರಿ, ಸಂತೋಷ. ಪೊರಕೆಕಡ್ಡಿಯೂ ಒಂದು ಜೇಬಿನಲ್ಲಿರಲಿ.

ರಂಗ ಅಂಥ ತಪ್ಪು ಮಾಡುತ್ತಿರಲಿಲ್ಲ. ಅವನದು ಬೇರೆ ಜಾತಿಯ ಕೈ. ಬಿಚ್ಚುವ ಮುಂಚೆ ಎಂಜಿನ್ ಓಡುವಾಗಲೇ ಕಾರ್ಬುರೇಟರಿನ ಬಾಯಿಗೆ ಅಂಗೈ ಅರ್ಧ ಮುಚ್ಚಿ, ಅದು ಹೇಗೆ ಎಳೆಯುತ್ತದೆ ಎಂದು ನೋಡುತ್ತಿದ್ದ. ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾನು ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ತುದಿಗಾಲಲ್ಲಿ ನಿಂತಿರುತ್ತಿದ್ದೆ. "ಅಣ್ಣಾ, ಬಿಚ್ಚಬ್ಯಾಡ, ಇರು" ಎನ್ನುವನು. ಆ "ಇರು" ಎಂಬುದರ ಮುಂದೆ ಏನು ಬರುತ್ತದೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ಸಲ ಕಂಬಂನಿಂದ ಒಂದು ಕಾರು ಬಂತು. ಎಷ್ಟು ಸರಿಮಾಡಿದರೂ ತೊಟ್ಟಿ ತುಂಬಿ ಪೆಟ್ರೋಲ್ ಹೊರಗೆ ಹನಿಯುತ್ತದೆ. ಸೂಜಿ ಸರಿ, ಬಾಗಿಲು ಸರಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಶಬ್ದವಿಲ್ಲ, ಅಂದರೆ ತೂತಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿದೆ. ತೂತಿದ್ದರೆ ಒಳಗಿನ ಪೆಟ್ರೋಲ್ ಆವಿಯಾಗಿ ಗುಳ್ಳೆ ಬರುತ್ತದೆ. ಒಂದೂ ಬರಲಿಲ್ಲ. ರಂಗ ಫ್ಲೋಟನ್ನು ಅಂಗೈಯಲ್ಲಿ ತೂಗಿ ನಕ್ಕ. ಹಿಂದೆ ಯಾರೋ ತೂತು ಮುಚ್ಚಲು ಬೆಸುಗೆಯನ್ನು ಧಾರಾಳವಾಗಿ ಸುರಿದಿದ್ದರು. ಭಾರಕ್ಕೆ ಅದು ಸರಿಯಾಗಿ ತೇಲುತ್ತಲೇ ಇರಲಿಲ್ಲ, ಸೂಜಿಯನ್ನು ಒತ್ತುವಷ್ಟರಲ್ಲಿ ತೊಟ್ಟಿ ತುಂಬಿ ಹೋಗುತ್ತಿತ್ತು. ಅರದಿಂದ ಬೆಸುಗೆ ಉಜ್ಜಿ ತೆಗೆದ, ಒಂದು ತೊಟ್ಟು ಮಾತ್ರ ಉಳಿಸಿದ. ಎಂಜಿನ್ ಚಾಲೂ ಮಾಡಿದಾಗ ಬಂದ ಆ ಸದ್ದು! ಹಿತ್ತಲಲ್ಲಿ ಹೊಲಿಗೆ ಯಂತ್ರ ಓಡಿಸಿದ ಹಾಗೆ. ನಾವಿಬ್ಬರೂ ಬಾನೆಟ್ಟಿನ ಮೇಲೆ ತಾಳ ಹಾಕಿದೆವು.

ಹಳೆಯ ಕಾರುಗಳಿಗೆ ಬಿಡಿಭಾಗ ಸಿಗುತ್ತಿರಲಿಲ್ಲ. ಸೂಜಿ ಸವೆದರೆ ನಾವು ದಿಂಡಿಗಲ್ಲಿಗೆ ಹೋಗುತ್ತಿದ್ದೆವು. ಅಲ್ಲಿ ಬೀಗ ಮಾಡುವವರ ಬೀದಿಗಳಿವೆ. ಗೇಣುದ್ದದ ಅರ ಹಿಡಿದು ಕೂತರೆ ಕೂದಲೆಳೆಯಷ್ಟು ಲೋಹವನ್ನು ಬೇಕಾದ ಕಡೆ ಮಾತ್ರ ತೆಗೆಯಬಲ್ಲ ಜನ. ನಮಗೆ ಸೂಜಿ ಮಾಡಿಕೊಡುತ್ತಿದ್ದ ಮುದುಕರು ಮೊದಲ ದಿನ ಮಾದರಿಯನ್ನು ತಿರುಗಿಸಿ ನೋಡಿ, ಇದು ಯಾವ ಪೆಟ್ಟಿಗೆಯ ಬೀಗ ಎಂದು ಕೇಳಿದರು. ಪೆಟ್ರೋಲ್ ಪೆಟ್ಟಿಗೆಯದು ಎಂದ ರಂಗ. ಹಾಗಾದರೆ ಕೀಲಿಕೈ ಯಾರ ಹತ್ತಿರ ಎಂದರು. ಇಂಥ ಮಾತಿನಲ್ಲೇ ಅವರಿಗೂ ರಂಗನಿಗೂ ಬಹಳ ಹೊಂದಿಕೆಯಾಯಿತು. ಸೂಜಿ ಬೇಕಾದಾಗಲೆಲ್ಲ ಅವನೇ ಹೋಗುತ್ತಿದ್ದ.

ಇನ್ನು ಬೆಟ್ಟದ ಜೆಟ್ಟಿನ ಮಾತು. ಇದು ನಮ್ಮ ಶೆಡ್ಡಿನ ವಿಶೇಷ ವಿದ್ಯೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಬಯಲಿಗೆ ಸರಿಯಾಗಿದ್ದ ಜೆಟ್ ಅಲ್ಲಿ ಅತಿಯಾಗಿ ಪೆಟ್ರೋಲ್ ಸುರಿಯುತ್ತದೆ. ಹಳೆಯ ಎಂಜಿನ್ ಕಪ್ಪು ಹೊಗೆ ಕಾರುತ್ತಾ ತಿರುವಿನಲ್ಲಿ ಸತ್ತು ನಿಲ್ಲುತ್ತದೆ. ಅದಕ್ಕೆ ಹತ್ತುವ ಮುಂಚೆ ಬಯಲಿನ ಜೆಟ್ ಬಿಚ್ಚಿ, ಸಣ್ಣ ತೂತಿನ ಬೆಟ್ಟದ ಜೆಟ್ ಹಾಕುತ್ತಿದ್ದೆವು. ಇಳಿದು ಬಂದ ಮೇಲೆ ಮತ್ತೆ ಅದಲುಬದಲು. ತೇನಿ ಕಡೆಯಿಂದ ಬರುವವರು ಘಾಟ್ ರಸ್ತೆಯ ತಿರುವನ್ನು ದಾಟಿ ನಮ್ಮಲ್ಲಿಗೆ ಬಂದು, ಜೆಟ್ ಹಾಕಿಸಿಕೊಂಡು, ಹಿಂದಿರುಗಿ ಬೆಟ್ಟ ಹತ್ತುತ್ತಿದ್ದರು ಎಂದರೆ ನೋಡಿ.

ಅದಕ್ಕೆ ಮೊದಲಾಳಿಯದೊಂದು ಕಟ್ಟಳೆ ಇತ್ತು. ಗೋಡೆಯಲ್ಲಿ ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಮೊಳೆ. ಬಿಚ್ಚಿದ ಬಯಲಿನ ಜೆಟ್ಟನ್ನು ದಾರದಲ್ಲಿ ಪೋಣಿಸಿ ಬಿಚ್ಚಿದವನು ತನ್ನ ಮೊಳೆಗೆ ತೂಗುಹಾಕಬೇಕು. ಕಾರು ಇಳಿದು ಬಂದಾಗ ಅಲ್ಲಿಂದಲೇ ತೆಗೆದು ಹಾಕಬೇಕು. ಮೊಳೆಯಲ್ಲಿ ಜೆಟ್ ತೂಗುತ್ತಿದ್ದರೆ ಯಾವುದೋ ಒಂದು ಕಾರು ಇನ್ನೂ ಬೆಟ್ಟದ ಮೇಲಿದೆ ಎಂದು ಅರ್ಥ. ಸಂಜೆ ಬಾಗಿಲು ಹಾಕುವಾಗ ಮೊದಲಾಳಿ ಮೊಳೆಗಳ ಕಡೆ ಒಮ್ಮೆ ಕಣ್ಣು ಹಾಯಿಸುವರು, ಅಷ್ಟೇ.

ಓಡೈಪಟ್ಟಿ ಮಾಮ ನಮ್ಮ ತಾಯಿಗೆ ದೂರದ ತಮ್ಮ. ದ್ರಾಕ್ಷಿ ತೋಟದವರು. ತೇನಿಯ ರಸ್ತೆ ಬದಿ ಅವರದೊಂದು ಖಾಲಿ ಶೆಡ್ಡು ಇತ್ತು. ರಂಗನ ಕೈ ನೋಡಿ ಮೆಚ್ಚಿ, ಬರುವ ಸಂಕ್ರಾಂತಿಯ ತೈ ತಿಂಗಳಿಗೆ ಅದನ್ನು ಅವನಿಗೇ ಬಿಟ್ಟುಕೊಡುವುದಾಗಿಯೂ, ಅವನು ಅಲ್ಲಿ ಸ್ವಂತ ಕೆಲಸ ಶುರು ಮಾಡಬಹುದೆಂದೂ ಹೇಳಿದ್ದರು. ರಂಗ ಆಗಲೇ ಬೋರ್ಡಿಗೆ ಯಾವ ಬಣ್ಣ ಎಂದು ಯೋಚಿಸುತ್ತಿದ್ದ. ನನಗೂ ಸಂತೋಷವಾಗಿತ್ತು. ಒಳಗೆ ಎಲ್ಲೋ ಒಂದು ಕಡೆ, ದೊಡ್ಡವನು ನಾನಲ್ಲವೇ ಎಂದೂ ಅನಿಸಿತ್ತು. ಅದನ್ನೂ ಬರೆಯಲೇಬೇಕು.

ಮಾಮನ ಮನೆಯವರು ಕೊಡೈಕಾನಲ್‌ಗೆ ಹೊರಟಾಗ ಅವರ ಹಸಿರು ಕಾರಿಗೆ ರಂಗ ಬೆಟ್ಟದ ಜೆಟ್ ಹಾಕಿ, ಬಯಲಿನದನ್ನು ತನ್ನ ಮೊಳೆಗೆ ತೂಗುಹಾಕಿದ. ಅವರು ಇಳಿದು ಬಂದ ದಿನ ರಂಗ ಸೂಜಿ ತರಲು ದಿಂಡಿಗಲ್ಲಿಗೆ ಹೋಗಿದ್ದ. ಮಾಮನ ಕಾರನ್ನು ನೋಡಿಕೊಳ್ಳಲು ನನಗೆ ಹೇಳಿ ಹೋಗಿದ್ದ.

ಅದೇ ಹೊತ್ತಿಗೆ ಒಂದು ಎಸ್ಟೇಟಿನ ದೊಡ್ಡ ಕಾರು ಶೆಡ್ಡಿಗೆ ಬಂದು ನಿಂತಿತು. ಎಂಟು ಸಿಲಿಂಡರು, ಜೋಡಿ ಕಾರ್ಬುರೇಟರು. ಅಂಥದ್ದನ್ನು ನಾನು ಕಣ್ಣಾರೆ ಕಂಡಿರಲೇ ಇಲ್ಲ. ಮೊದಲಾಳಿ ಬಾನೆಟ್ ಎತ್ತಿದ್ದೇ ತಡ, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಾಮನ ಕಾರನ್ನು ಬೇಗ ಕಳಿಸಿದರೆ ಸಾಕಾಗಿತ್ತು. ಜೆಟ್ ಬದಲಾಯಿಸಬೇಕಾದರೆ ತೊಟ್ಟಿ ಬಿಚ್ಚಬೇಕು. ನಾನು ಹೊರಗಿನ ಸ್ಕ್ರೂ ಮಾತ್ರ ತಿರುಗಿಸಿ ಎಂಜಿನ್ ಚಾಲೂ ಮಾಡಿದೆ. ಕಾರು ನಿಂತಲ್ಲೇ ಓಡುವಾಗ ಪೆಟ್ರೋಲ್ ಬರುವುದು ಬೇರೆ ಸಣ್ಣ ದಾರಿಯಿಂದ. ಆದ್ದರಿಂದ ಸದ್ದು ಇಂಪಾಗಿತ್ತು. ಎಲ್ಲ ಆಯಿತೇ ಎಂದು ಮಾಮ ಕೇಳಿದರು. ಆಯಿತು ಎಂದೆ. ಜೋಡಿ ಕಾರ್ಬುರೇಟರಿನ ಕಡೆ ಓಡಿದೆ. ಎರಡರ ಉಸಿರೂ ಸಮವಾಗಿದೆಯೇ ಎಂದು ಮೊದಲಾಳಿ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದರ ಬಾಯಿಗೆ, ಆಮೇಲೆ ಮತ್ತೊಂದರ ಬಾಯಿಗೆ ಹಿಡಿದು ಕೇಳಿಸಿದರು. ಎರಡು ಹಾವು ಒಂದೇ ದನಿಯಲ್ಲಿ ಬುಸುಗುಟ್ಟಿದ ಹಾಗೆ! ಲೋಕವೇ ಮರೆತುಹೋಯಿತು.

ಸಂಜೆ ಕೈ ತೊಳೆಯುವಾಗ ಕಣ್ಣು ಗೋಡೆಗೆ ಹೋಯಿತು. ರಂಗನ ಮೊಳೆಯಲ್ಲಿ ಜೆಟ್ ತೂಗುತ್ತಿತ್ತು. ಇನ್ನೇನು ಮೊದಲಾಳಿ ಬಾಗಿಲು ಹಾಕಲು ಬರುವ ಹೊತ್ತು. ಹೇಳಬಹುದಿತ್ತು. ಮಾಮನ ಊರಿಗೆ ಬಸ್ಸು ಹತ್ತಿ ಹೋಗಿ ಹಾಕಿಕೊಟ್ಟು ಬರಬಹುದಿತ್ತು. ನಾನು ದಾರ ಬಿಚ್ಚಿ, ಜೆಟ್ಟನ್ನು ಹಳೆಯ ಸಾಮಾನಿನ ಡಬ್ಬಿಯಲ್ಲಿ ಹಾಕಿ, ಮೇಲೆ ಬೇರೆ ತಿರುಪುಗಳನ್ನು ಸುರಿದೆ. ಮುಂದಿನ ಸಲ ಕಾರು ಬಂದಾಗ ಯಾರಿಗೂ ತಿಳಿಯದಂತೆ ಬದಲಾಯಿಸಿದರಾಯಿತು ಎಂದುಕೊಂಡೆ.

ಮುಂದಿನ ಸಲ ಅದು ಬಂದದ್ದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ಬಯಲಿನಲ್ಲಿ ಸಣ್ಣ ಜೆಟ್ ಇದ್ದರೆ ಎಂಜಿನ್ ಅರೆಹೊಟ್ಟೆಯಲ್ಲಿ ದುಡಿದು ಕಾದು ಕೆಂಪಾಗುತ್ತದೆ. ಕಾರ್ಬುರೇಟರ್ ಸೀನತೊಡಗುತ್ತದೆ. ಪೆಟ್ರೋಲ್ ಕಲಬೆರಕೆ ಇರಬೇಕೆಂದು ಮಾಮನ ಡ್ರೈವರ್ ಹಾಗೇ ಓಡಿಸಿದ್ದ. ಚಿನ್ನಮನೂರಿನ ಹತ್ತಿರ, ಮದುವೆಗೆ ಹೊರಟ ಹೆಂಗಸರನ್ನೆಲ್ಲ ಕೂರಿಸಿಕೊಂಡಿದ್ದಾಗ, ಎಂಜಿನ್ನಿನ ವಾಲ್ವುಗಳು ಸುಟ್ಟು ಕಾರು ನಿಂತುಬಿಟ್ಟಿತು. ಅವರೆಲ್ಲ ಒಬ್ಬರ ದ್ರಾಕ್ಷಿ ಗಾಡಿ ಹತ್ತಿ ಹೋಗುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿತ್ತು.

ಮೊದಲಾಳಿ ತೊಟ್ಟಿ ಬಿಚ್ಚಿದರು. ಬೆಟ್ಟದ ಜೆಟ್ ಹೊರಗೆ ಬಂತು. ಶೆಡ್ಡಿನಲ್ಲಿ ಎಲ್ಲರ ಕೈಯೂ ನಿಂತಿತು. ಹಾಕಿದವನು ರಂಗ, ಮೊಳೆ ರಂಗನದು, ಮೊಳೆ ಖಾಲಿ. ಬಯಲಿನ ಜೆಟ್ ಎಲ್ಲಿ ಎಂದು ಅವರು ಕೇಳಿದರು.

"ನಾ ದಿಂಡುಕಲ್‌ಗೆ ಹೋಗಿದ್ನಲ್ಲಾ. ಮೊಳೇಲೇ ಬುಟ್ಟು, ಅಣ್ಣನಿಗೆ ಹೇಳಿಬುಟ್ಟು ಹೋಗಿದ್ದೆ" ಎಂದ ರಂಗ.

ಮೊದಲಾಳಿ ನನ್ನ ಕಡೆ ತಿರುಗಿದರು. "ಆ ದಿನ ಮೊಳೆಯಲ್ಲಿ ಇತ್ತಾ?"

"ಇರಲಿಲ್ಲ. ಅವನೇ ಆಗಲೇ ಹಾಕಿಬಿಟ್ಟಿದ್ದಾನೆ ಅಂದುಕೊಂಡೆ" ಎಂದೆ.

ಕಾರು ಬೆಟ್ಟದ ಮೇಲಿದ್ದಾಗ ಅವನು ಹೇಗೆ ಹಾಕಿರಲು ಸಾಧ್ಯ ಎಂದು ಯಾರೂ ಕೇಳಲಿಲ್ಲ. ಮೊದಲಾಳಿ ಕೂಡ. ರಂಗ ಜೆಟ್ ಕಳೆದುಹಾಕಿ ಸುಮ್ಮನಾಗಿದ್ದಾನೆ ಎಂದು ಎಲ್ಲರಿಗೂ ಖಚಿತವಾಗಿಬಿಟ್ಟಿತು. ರಂಗ ನನ್ನ ಮುಖವನ್ನೇ ನೋಡಿದ. ಅವನಿಗೆ ಆ ಕ್ಷಣದಲ್ಲೇ ತಿಳಿಯಿತು. ನಮ್ಮ ಮನೆಗಳಲ್ಲಿ ಅಣ್ಣನ ಮಾತನ್ನು ಹೊರಗಿನವರ ಮುಂದೆ ಸುಳ್ಳು ಮಾಡುವುದಿಲ್ಲ. ತಲೆ ಬಗ್ಗಿಸಿ ಬೆಟ್ಟದ ಜೆಟ್ಟನ್ನು ಬಟ್ಟೆಯಿಂದ ಒರೆಸಿದ. ಇನ್ನು ಮೇಲೆ ನಿನ್ನ ಕೈ ಕಾರ್ಬುರೇಟರ್ ಮುಟ್ಟಬಾರದು ಎಂದರು ಮೊದಲಾಳಿ. ಮಾಮ ಹೊರಗೆ ಹೋದರು.

ರಂಗ ಕೆಲವು ವಾರ ಟೈರಿನ ಕೆಲಸ ಮಾಡಿಕೊಂಡಿದ್ದ. ಆಮೇಲೆ ಊರಿಗೆ ಹೋಗಿ ತೋಟಗಳ ನೀರಿನ ಪಂಪು, ಔಷಧ ಸಿಂಪಡಿಸುವ ಯಂತ್ರಗಳ ರಿಪೇರಿ ಹಿಡಿದ. ತೇನಿಯ ಶೆಡ್ಡನ್ನು ತೈ ತಿಂಗಳಲ್ಲಿ ಮಾಮ ನನಗೆ ಕೊಟ್ಟರು. ನಾನು ತೆಗೆದುಕೊಂಡೆ. ಹೌದು, ತೆಗೆದುಕೊಂಡೆ.

ಅಲ್ಲಿ ನನಗೆ ಹೆಸರು ಬಂತು. ಗಾಳಿಯ ಬಾಗಿಲು ತಿರುಗಿಸುವ ಥ್ರಾಟಲ್ ಕಡ್ಡಿ ಸವೆದು ಸಂದಿನಿಂದ ಗಾಳಿ ನುಸುಳುವುದನ್ನು ಎಣ್ಣೆ ಬಿಟ್ಟು ಹಿಡಿಯುವುದು, ಆ ಸಂದಿಗೆ ಬುಷ್ ಎಂಬ ಹಿತ್ತಾಳೆ ಬಳೆ ಕೂರಿಸುವುದು, ಸೂಜಿಯನ್ನು ಪಾಲಿಷ್ ಹಚ್ಚಿ ಬೆರಳ ನಡುವೆ ತಿರುವಿ ಬಾಗಿಲಿಗೆ ಹೊಂದಿಸುವುದು, ಒಂದೊಂದೂ ನನಗೆ ಹಬ್ಬ. ಬೋಡಿಯಿಂದ, ಕಂಬಂನಿಂದ ಕಾರುಗಳು ಬರುತ್ತಿದ್ದವು. ಆದರೆ ಎಂಜಿನ್ ಕೈಗೆ ಸಿಗದೆ ಆಟವಾಡಿಸಿದಾಗಲೆಲ್ಲ ಪಕ್ಕದಲ್ಲಿ ಯಾರೋ "ಅಣ್ಣಾ, ಇರು" ಎನ್ನಬೇಕಿತ್ತು ಎನಿಸುತ್ತಿತ್ತು. ಹಬ್ಬಕ್ಕೆ ಊರಿಗೆ ಹೋದರೆ ರಂಗ ಮೊದಲಿನಂತೆಯೇ ನಗುತ್ತಿದ್ದ, ಪಕ್ಕದ ಎಲೆಗೆ ಕೂರುತ್ತಿದ್ದ. ಆ ಜೆಟ್ಟಿನ ಮಾತು ನಮ್ಮ ನಡುವೆ ಬರುತ್ತಲೇ ಇರಲಿಲ್ಲ.

ಆ ದಶಕದ ಕೊನೆಯ ಹೊತ್ತಿಗೆ ಮಾಮ ಹಸಿರು ಕಾರನ್ನು ಮಾರಿ, ಅದಕ್ಕಿಂತ ಹಳೆಯದೊಂದನ್ನು ಕೊಂಡರು. ಕಪ್ಪು ಬಣ್ಣ, ಮೂತಿಯ ತುಂಬ ನಿಕಲ್ ಲೇಪದ ಹೊಳಪು. ನನ್ನ ಶೆಡ್ಡಿಗೆ ಬಿಟ್ಟುಹೋದರು. ಕಾರ್ಬುರೇಟರನ್ನು ಪೂರ್ತಿ ಬಿಚ್ಚಿ ತೊಳೆದು ಜೋಡಿಸಿದೆ. ನಿಂತಲ್ಲಿ ಚೆನ್ನಾಗಿ ಓಡುತ್ತದೆ. ವೇಗ ಹಿಡಿದ ಮೇಲೆ ಚೆನ್ನಾಗಿ ಓಡುತ್ತದೆ. ನಡುವೆ ಮಾತ್ರ ಮುಗ್ಗರಿಸಿ ಸಾಯುತ್ತದೆ. ಜೆಟ್ ಬದಲಿಸಿದೆ, ಫ್ಲೋಟ್ ಏರಿಸಿದೆ, ಇಳಿಸಿದೆ. ವಾರ ಕಳೆಯಿತು. ಕೊನೆಗೆ ಸೈಕಲ್ ಹತ್ತಿ ಹನುಮಂತನಪಟ್ಟಿಗೇ ಹೋದೆ. ರಂಗ ಬಾವಿಯ ಕಟ್ಟೆಯ ಮೇಲೆ ಪಂಪಿನ ವಾಷರ್ ಕತ್ತರಿಸುತ್ತಿದ್ದ. ಬಂದು ಒಮ್ಮೆ ಕಾರು ನೋಡು ಎಂದೆ. ನನ್ನ ಕೈ ಅದಕ್ಕಲ್ಲಣ್ಣಾ ಎಂದ. ನಾನು ಕಾರು ಹೇಗೆ ಮುಗ್ಗರಿಸುತ್ತದೆ ಎಂದು ಬಾಯಿಂದ ಸದ್ದು ಮಾಡಿ ತೋರಿಸಿದೆ. ಅವನು ಕತ್ತರಿ ಕೆಳಗಿಟ್ಟ. ಇನ್ನೊಮ್ಮೆ ಮಾಡು ಎಂದ.

ಶೆಡ್ಡಿಗೆ ಬಂದು ಎಂಜಿನ್ ಚಾಲೂ ಮಾಡಿಸಿದ. ಕಾರ್ಬುರೇಟರಿನ ಬಾಯಿಗೆ ಅಂಗೈ ಅರ್ಧ ಮುಚ್ಚಿ, ಕಣ್ಣು ಮುಚ್ಚಿದ. ನಾನು ಆಕ್ಸಿಲರೇಟರ್ ಒತ್ತಿದೆ. ಅಂಗೈ ಗಾಳಿಯನ್ನು ತಡೆದಾಗ ಮುಗ್ಗರಿಸಲಿಲ್ಲ, ತೆಗೆದರೆ ಮುಗ್ಗರಿಸಿತು. ಅಂದರೆ ಆ ನಡುವಿನ ಘಟ್ಟದಲ್ಲಿ ಮಾತ್ರ ಪೆಟ್ರೋಲ್ ಸಾಲುತ್ತಿಲ್ಲ, ಯಾವುದೋ ದಾರಿ ಮುಚ್ಚಿದೆ. ಮುಚ್ಚಳ ಬಿಚ್ಚಿ, ಸಂದು ಸೋರದಂತೆ ನಡುವೆ ಇಡುವ ಪೇಪರ್ ಗ್ಯಾಸ್ಕೆಟ್ ಎತ್ತಿ ಬೆಳಕಿಗೆ ಹಿಡಿದ.

"ಅಣ್ಣಾ, ಇದ ಯಾರು ಕತ್ತರಿಸಿದ್ದು?"

"ನಾನೇ."

"ಚೆನ್ನಾಗಿ ಕತ್ತರಿಸಿದ್ದೀಯ. ಒಂದು ತೂತ ಮಾತ್ರ ಮರ್ತುಬುಟ್ಟಿದ್ದೀಯ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವನು ಆ ಪುಟ್ಟ ತೂತು ಕೊರೆದು ಮುಚ್ಚಳ ಹಾಕಿದ. ಕಾರು ಎಲ್ಲೂ ತಡವರಿಸದೆ ಒಂದೇ ಉಸಿರಿಗೆ ಏರಿತು. ಎಷ್ಟೋ ವರ್ಷದ ಮೇಲೆ ನಾವು ಮತ್ತೆ ಬಾನೆಟ್ಟಿನ ಮೇಲೆ ತಾಳ ಹಾಕಿದೆವು. ರಂಗನ ಮುಖದಲ್ಲಿದ್ದ ಆ ಬೆಳಕನ್ನು ನಾನು ಬರೆಯಲಾರೆ.

ಆಗಲೇ ಮಾಮ ಒಳಗೆ ಬಂದರು. ರಂಗನ ಕೈ ಇನ್ನೂ ಕಾರ್ಬುರೇಟರಿನ ಮೇಲಿತ್ತು. ಅವರ ಮುಖ ಬಿಗಿಯಿತು. ಅಕ್ಕನ ಮಕ್ಕಳನ್ನು ಮಾಪ್ಳೆ, ಕಾರನ್ನು ವಂಡಿ ಎನ್ನುವುದು ನಮ್ಮಲ್ಲಿ ರೂಢಿ. ಅವರು ನನ್ನನ್ನೇ ನೋಡಿ ಹೇಳಿದರು: "ಏನ್ ಮಾಪ್ಳೆ, ನಿನ್ನ ನಂಬಿ ವಂಡಿ ಬುಟ್ಟೆ. ಇವನ ಕೈಗೆ ಯಾಕೆ ಕೊಟ್ಟೆ? ನಮ್ಮ ಹೆಂಗಸ್ರು ನಡುರಸ್ತೇಲಿ ನಿಂತಿದ್ದು ಸಾಲ್ದಾ?"

ರಂಗ ಕೈ ತೆಗೆದ. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಕಾರಿನಿಂದ ಹಿಂದೆ ಸರಿದ. ನನ್ನ ಕಡೆ ನೋಡಲಿಲ್ಲ. ಬತ್ತಲಗುಂಡಿನಲ್ಲಾದರೂ ನೋಡಿದ್ದ.

ನಾನು ಎಂಜಿನ್ ಆರಿಸಿದೆ. "ಮಾಮ, ಆ ಜೆಟ್ಟ ಅವನು ಕಳೀಲಿಲ್ಲ. ಮೊಳೇಲೇ ಇತ್ತು. ಹಾಕ್ಬೇಕಾದವನು ನಾನು. ಹಾಕ್ಲಿಲ್ಲ, ಎಲ್ಲಾ ಆಯ್ತು ಅಂತ ನಿಮ್ಮ ಮುಂದೇನೇ ಸುಳ್ಳು ಹೇಳ್ದೆ. ಸಂಜೆ ನಾನೇ ತೆಗೆದು ಡಬ್ಬೀಲಿ ಮುಚ್ಚಿಟ್ಟೆ. ಈ ಶೆಡ್ಡು ಅವನದು" ಎಂದೆ.

ಮಾಮ ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟರು. ನನ್ನ ಶೆಡ್ಡಿನ ಕೆಲಸದವರು ನಮ್ಮ ಕಡೆ ತಿರುಗಿ ನಿಂತಿದ್ದರು. "ಬುಡಣ್ಣಾ, ಈಗ್ಯಾಕೆ" ಎಂದ ರಂಗ, ಬಟ್ಟೆಯನ್ನು ಮಡಿಸುತ್ತಾ.

ದೊಡ್ಡವನು ಚಿಕ್ಕವನಿಗೆ ಕೈಮುಗಿಯುವುದು ನಮ್ಮಲ್ಲಿಲ್ಲ. ನಾನು ಮುಗಿದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪು ಮಾಡ್ದೋನು ನಾನು, ಹೊತ್ಕೊಂಡೋನು ನೀನು. ನನ್ನ ಮನ್ನಿಸ್ಬುಡು, ರಂಗಾ."